ನಪಾಸಾಗುವುದನ್ನು ಕಲಿಸಿದ ಮೇಡಂ

ಮೇಡಂ ತೀರಿಕೊಂಡರು ಎಂದು ಹೋಟೆಲಿನ ಶೆಟ್ಟರು ಫೋನ್ ಮಾಡಿದಾಗ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈ ತೊಳೆಯಲೂ ತೋಚದೆ ಹಾಗೇ ಕುಳಿತುಬಿಟ್ಟೆ. ಅಳು ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅಳುವಿನ ಬೆನ್ನಿಗೇ ನಗುವೂ ಬಂತು. ಆಕೆಯನ್ನು ನೆನೆದು ಬರೀ ಅಳುವುದು ನಮ್ಮ ಗುಂಪಿನಲ್ಲಿ ಯಾರಿಂದಲೂ ಆಗುವ ಕೆಲಸವಲ್ಲ. ನಮ್ಮ ಮನೆಯವರು ಸುದ್ದಿ ಕೇಳಿ ಕಣ್ಣೊರೆಸಿಕೊಂಡು, "ಎಂಥಾ ಗಂಡೆದಿ ಹೆಣ್ಣಮಗಳು ನೋಡು. ನಮ್ಮಂಥಾ ಹಳೇ ಫೌಜಿಗಳಿಗೆಲ್ಲಾ ನಪಾಸಾಗೂದು ಕಲಿಸಿದ್ರು" ಎಂದರು. ಅವರೂ ನಗುತ್ತಿದ್ದರು.

ನಪಾಸಾಗುವುದನ್ನು ಯಾರಾದರೂ ಕಲಿಸುತ್ತಾರೆಯೇ ಎಂದು ನೀವು ಕೇಳಬಹುದು. ಕಲಿಸುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ, ಪುಣೆಯ ಕ್ಯಾಂಟೋನ್ಮೆಂಟಿಗೆ ಹತ್ತಿರದ ಶೆಟ್ಟರ ಹೋಟೆಲಿನ ಮೇಲಿನ ಹಾಲಿನಲ್ಲಿ, ನಿವೃತ್ತ ಸೈನಿಕರನ್ನು ಸಾಲಾಗಿ ಕೂರಿಸಿಕೊಂಡು ಕಲಿಸುತ್ತಿದ್ದರು. ಆಕೆ ಸೈನ್ಯದಲ್ಲಿ ಡಾಕ್ಟರಾಗಿದ್ದು ಕರ್ನಲ್ ಆಗಿ ನಿವೃತ್ತರಾದವರು, ಧಾರವಾಡದ ಕಡೆಯವರು. ಹೆಸರು ಬರೆಯುವುದಿಲ್ಲ. ಹೆಸರು ಹೇಳಿ ಹೊಗಳಿದರೆ ಆಕೆಗೆ ಮೈ ಉರಿಯುತ್ತಿತ್ತು.

ಮೊದಲು ನಮ್ಮ ಮನೆಯವರ ಕಥೆ ಹೇಳಬೇಕು, ಇಲ್ಲದಿದ್ದರೆ ಮೇಡಂ ಕಥೆ ಅರ್ಥವಾಗುವುದಿಲ್ಲ. ಇವರು ತೋಪಖಾನೆಯಲ್ಲಿ ಹವಾಲ್ದಾರರಾಗಿದ್ದರು. ಕಲಬುರ್ಗಿ ಜಿಲ್ಲೆಯ ಬಿಸಿಲಿನ ಮನುಷ್ಯ, ಹಿಮದ ಗುಡ್ಡದ ಮೇಲೆ ತೋಪಿನ ಗುಂಡುಗಳ ಪೆಟ್ಟಿಗೆ ಇಳಿಸುವಾಗ ಕಾಲು ಜಾರಿ, ಪೆಟ್ಟಿಗೆ ಸಮೇತ ಬಿದ್ದರು. ಬಲ ಮೊಣಕಾಲು ಅಂದಿನಿಂದ ಮೊಣಕಾಲಾಗಿ ಉಳಿಯಲಿಲ್ಲ. ಕಿವಿಯ ಮಾತು ಕೇಳಲೇಬೇಡಿ. ವರ್ಷಗಟ್ಟಲೆ ತೋಪಿನ ಪಕ್ಕದಲ್ಲಿ ನಿಂತವರಿಗೆ ಎಷ್ಟು ಕಿವಿ ಉಳಿಯುತ್ತದೋ ಅಷ್ಟೇ ಇವರಿಗೂ ಉಳಿದದ್ದು. ನಾನು "ಊಟಕ್ಕ ಬರ್ರಿ" ಎಂದರೆ "ಯಾರು ಬಂದ್ರು?" ಎನ್ನುತ್ತಿದ್ದರು.

ಸೈನಿಕ ಮನೆಗೆ ಹೊರಡುವ ಮೊದಲು ಡಾಕ್ಟರುಗಳ ಒಂದು ಬೋರ್ಡು ಅವನನ್ನು ಪರೀಕ್ಷೆ ಮಾಡುತ್ತದೆ. ಮೈಯಲ್ಲಿ ಏನು ಊನ ಆಗಿದೆ, ಅದು ನೌಕರಿಯಿಂದ ಆದದ್ದೇ, ಶೇಕಡಾ ಎಷ್ಟು, ಎಲ್ಲ ಬರೆಯುತ್ತದೆ. ಇಪ್ಪತ್ತು ಬಂದರೆ ಊನದ ಪಿಂಚಣಿ ಬರುತ್ತದೆ, ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಇಲ್ಲ. ಇದು ನಮಗೆ ಆಗ ಗೊತ್ತಿರಲಿಲ್ಲ. ಇವರಿಗಂತೂ ಮೆಡಿಕಲ್ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಪಾಸಾಗಬೇಕು, ಮುಗಿಯಿತು. ಇಡೀ ನೌಕರಿಯಲ್ಲಿ ಪ್ರತಿ ಮೆಡಿಕಲ್ಲಿಗೂ ಹಾಗೇ ಹೋದವರು. ಮೈಯಲ್ಲಿ ಊನ ಇದೆ ಎಂದು ಬರೆಸಿಕೊಂಡರೆ ಬಡ್ತಿಗೆ ಕುತ್ತು ಎಂದು ಫೌಜಿಗಳೆಲ್ಲ ಹೆದರುತ್ತಾರೆ. ಆ ಅಭ್ಯಾಸ ಕೊನೆಯ ಬೋರ್ಡಿನ ಬಾಗಿಲಲ್ಲಿ ಕಳಚಿ ಬೀಳುತ್ತದೆಯೇ?

ಡಾಕ್ಟರು "ಬೈಠೋ" ಎಂದರಂತೆ, ಇವರು ಕುಕ್ಕರುಗಾಲಲ್ಲಿ ಕೂತರಂತೆ. "ಉಠೋ" ಎಂದರಂತೆ, ಎದ್ದು ಸಲ್ಯೂಟ್ ಹೊಡೆದರಂತೆ. ಕಿವಿಯ ಪರೀಕ್ಷೆಯಲ್ಲಿ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ಇವರು ಏನು ಮಾಡಿದರು ಗೊತ್ತೇ? ಮುಂಚೆ ಒಳಗೆ ಹೋಗಿ ಬಂದ ಗೆಳೆಯನನ್ನು ಕೇಳಿಕೊಂಡರು, ಎಷ್ಟೆಷ್ಟು ಹೊತ್ತಿಗೆ ಒತ್ತಬೇಕು ಅಂತ. ಅದೇ ತಾಳದಲ್ಲಿ ಒತ್ತಿ ಬಂದರು. ಪರೀಕ್ಷೆಯಲ್ಲಿ ಕಾಪಿ ಹೊಡೆದು ತಮ್ಮ ಕಿವಿ ಸರಿಯಿದೆ ಎಂದು ಸಾಬೀತು ಮಾಡಿದ ಪುಣ್ಯಾತ್ಮ ಇವರು! ಬೋರ್ಡು ಮೊಣಕಾಲಿಗೆ ಇಪ್ಪತ್ತಕ್ಕಿಂತ ಕಡಿಮೆ ಬರೆಯಿತು, ಕಿವಿಗೆ ಏನೂ ಬರೆಯಲಿಲ್ಲ. ಇವರು ಮನೆಗೆ ಬಂದು "ಪಾಸಾದೆ" ಎಂದರು. ನಾನು ಖುಷಿಯಲ್ಲಿ ಸಜ್ಜಕ ಮಾಡಿ ಬಡಿಸಿದೆ. ಮರುದಿನದಿಂದ ನಾಲ್ಕೈದು ದಿನ ಇವರು ಹಾಸಿಗೆ ಬಿಟ್ಟು ಏಳಲಿಲ್ಲ, ಆ ಕುಕ್ಕರುಗಾಲಿನ ಪ್ರಸಾದ.

ಆಮೇಲೆ ಪುಣೆಗೆ ಬಂದೆವು. ಇವರಿಗೆ ರಾಂಜಣಗಾಂವದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ನಾನು ಜೋಳದ ರೊಟ್ಟಿ ಬಡಿದು ಶೆಟ್ಟರ ಹೋಟೆಲಿಗೆ ಕೊಡತೊಡಗಿದೆ. ಗೇಟಿನಲ್ಲಿ ಕುರ್ಚಿ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಕಾಲಿನ ಮೇಲೆ ನಿಂತು ಲಾರಿಗಳನ್ನು ಒಳಗೆ ಬಿಡಬೇಕು, ಹೊರಗೆ ಬಿಡಬೇಕು. ಮನೆಗೆ ಬಂದು ಪ್ಯಾಂಟು ಮಡಚಿದರೆ ಮೊಣಕಾಲು ಕುಂಬಳಕಾಯಿಯಷ್ಟು. "ಹ್ಯಾಂಗ ಅದ ರೀ ಕಾಲು?" ಎಂದು ಕೇಳಿದರೆ ಒಂದೇ ಉತ್ತರ: "ಠೀಕ್ ಅದ." ಒಂದು ಲಾರಿ ಹಿಂದಕ್ಕೆ ಬರುವಾಗ ಹಾರ್ನ್ ಕೇಳದೆ ಇವರು ಅದರಡಿ ಹೋಗುತ್ತಿದ್ದರು, ಯಾರೋ ಕಾಲರ್ ಹಿಡಿದು ಎಳೆದರಂತೆ. ಅದನ್ನೂ ನನಗೆ ಬೇರೆಯವರು ಹೇಳಿದ್ದು. ನನಗೆ ಬೇಕಾಗಿದ್ದದ್ದು ಒಂದೇ, ಈ ಮನುಷ್ಯ ಆ ಗೇಟು ಬಿಟ್ಟು ಮನೆಗೆ ಬರಬೇಕು. ಬರೀ ಸಾದಾ ಪಿಂಚಣಿ, ನನ್ನ ರೊಟ್ಟಿ, ಇವೆರಡರಲ್ಲಿ ಪುಣೆಯಲ್ಲಿ ಸಂಸಾರ ನಡೆಯುವಂತಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ದಿನ ಶೆಟ್ಟರು ಅಡಿಗೆಮನೆಯ ಹಿಂಬಾಗಿಲಿಗೆ ಓಡಿ ಬಂದರು. "ಹೋಯ್, ನಿಮ್ಮನ್ನು ಒಬ್ಬರು ಕೇಳ್ತಿದ್ದಾರೆ ಮಾರಾಯ್ರೆ. ಕರ್ನಲ್ ಅಂತೆ, ಹೆಂಗಸು. ನನಗಂತೂ ಎದುರು ನಿಂತು ಮಾತಾಡ್ಲಿಕ್ಕೇ ಹೆದರಿಕೆ ಆಗ್ತದೆ." ಹೋಗಿ ನೋಡಿದರೆ ಕುಳ್ಳಗಿನ ಹೆಂಗಸು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಇಸ್ತ್ರಿಯ ಹತ್ತಿ ಸೀರೆ, ಸೀರೆಯ ಕೆಳಗೆ ಓಟಗಾರರು ಹಾಕುವ ಬೂಟು. ಕೈಯಲ್ಲಿ ನನ್ನ ರೊಟ್ಟಿಯ ಚೂರು. ಅದನ್ನು ನನ್ನತ್ತ ತೋರಿಸಿ, "ಇದು ನಿಮ್ಮ ಕೈಯಿಂದೇನು? ಪುಣೆಕ ಬಂದ ಮ್ಯಾಲೆ ಮೊದಲನೇ ಸಲ ರೊಟ್ಟಿಯಂಥಾ ರೊಟ್ಟಿ ತಿಂದೆ ನೋಡ್ರಿ" ಎಂದರು. ಹೇಳುವಾಗ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕಾಲಿನ ಮೇಲಿತ್ತು. "ಎಡಗಾಲಿನ ಮ್ಯಾಲೆ ಭಾರಾ ಹಾಕಿ ನಿಲ್ತೀರಿ. ಕೂತು ರೊಟ್ಟಿ ಬಡೀತೀರೇನು, ಬಲಗಾಲು ಮಡಚಿ?" ಹೌದು ಅಂದೆ. "ಮಣೆ ಬದಲ ಮಾಡ್ರಿ, ಎತ್ತರದ್ದು ತಗೋರಿ." ಯಾರನ್ನು ಕಂಡರೂ ಆಕೆ ಮೊದಲು ಕಾಲು ನೋಡುತ್ತಿದ್ದರು. ಮುಖ ನೋಡಿ ಏನೂ ತಿಳಿಯುವುದಿಲ್ಲ, ಮುಖಕ್ಕೆ ನಟನೆ ಬರುತ್ತದೆ ಎನ್ನುತ್ತಿದ್ದರು.

ನನಗೆ ಬಾಯಿ ತಡೆಯುವುದಿಲ್ಲ. ಐದು ನಿಮಿಷದಲ್ಲಿ ಗಂಡನ ಮೊಣಕಾಲು, ಕಿವಿ, ಕಾಪಿ ಹೊಡೆದ ಪರೀಕ್ಷೆ ಎಲ್ಲ ಒದರಿದೆ. ಆಕೆ ಮೊದಲು ಗಹಗಹಿಸಿ ನಕ್ಕರು. ಆಮೇಲೆ ಹಣೆ ಚಚ್ಚಿಕೊಂಡರು. "ನಾ ಸ್ವತಃ ವರ್ಷಾನುಗಟ್ಟಲೆ ಬೋರ್ಡಿನ್ಯಾಗ ಕೂತೀನ್ರಿ. ಹೆಣ್ಣಮಗಳು ಹಡಿಯೂವಾಗ ಚೀರತಾಳ, ಒಂದು ಕೂಸು ಸೂಜಿ ನೋಡಿ ಅಳತದ. ಆದ್ರ ಬೋರ್ಡಿನ ಮುಂದ ಬಂದು ನಿಂತ ಒಬ್ಬ ಫೌಜಿ ನೋವು ಅದ ಅಂದದ್ದು ನಾ ಕೇಳಿಲ್ಲ. ಎಲ್ಲಾರದೂ ಠೀಕ್! ಕೈಯಾಗ ಎರಡ ಬೆರಳಿಲ್ಲದವನೂ ಠೀಕ್!" ಎಂದು ಹೇಳಿ, "ನಿಮ್ಮ ಯಜಮಾನರನ್ನ ಐತವಾರ ಕರಕೊಂಡ ಬರ್ರಿ" ಎಂದರು. ಅದು ಹುಕುಂ.

ಕರೆದುಕೊಂಡು ಹೋಗುವುದು ಸುಲಭವಿರಲಿಲ್ಲ. "ನಾ ಏನು ಲಂಗಡಾ, ಕುಂಟ ಏನು? ಸರಕಾರದ ಮುಂದ ಕೈ ಚಾಚಲೇನು?" ಎಂದು ಹಾರಾಡಿದರು. ಭಾನುವಾರ ರೊಟ್ಟಿಯ ಬುಟ್ಟಿ ಭಾರ ಇದೆ, ಹೊತ್ತು ತನ್ನಿ ಎಂದು ಸುಳ್ಳು ಹೇಳಿ ಕರೆದೊಯ್ದೆ. ಮೇಡಂ ಹಾಲಿನ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ಕರ್ನಲ್ ಎಂದು ಗೊತ್ತಾದ ಕೂಡಲೇ ಇವರ ಬೆನ್ನು ನೆಟ್ಟಗಾಯಿತು. ಬುಟ್ಟಿ ಹೊತ್ತು ದಡದಡ ಮೆಟ್ಟಿಲು ಹತ್ತಿದರು. ಬುಟ್ಟಿ ಇಟ್ಟಾದ ಮೇಲೆ ಮೇಡಂ ಕೆಳಗಿನಿಂದ ಕೂಗಿದರು: "ಈಗ ಇಳೀರಿ." ಇಳಿಯುವುದೇ ಬಂತಲ್ಲ ಕಷ್ಟ! ಕಂಬಿ ಹಿಡಿದು, ಅಡ್ಡಕ್ಕೆ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇವರು ಇಳಿದು ಬಂದರು. ಅಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಹತ್ತಿದ್ದು ಹವಾಲ್ದಾರ. ಇಳಿದದ್ದು ಮೊಣಕಾಲು" ಎಂದರು ಮೇಡಂ. ಇವರು ತಲೆ ತಗ್ಗಿಸಿದರು. "ತಲಿ ಯಾಕ ತಗ್ಗಸ್ತೀರಿ? ಆ ಮೊಣಕಾಲು ಎಲ್ಲಿ ಹೋತು? ಸೆರೆ ಕುಡದು ಗಟಾರಕ್ಕ ಬಿದ್ದೀರೇನು?" "ಇಲ್ರಿ ಮೇಡಂ, ಡ್ಯೂಟಿ ಮ್ಯಾಲೆ." "ಹಂಗಾದ್ರ ಕೇಳ್ರಿ. ಅದನ್ನ ತೋಪಖಾನೆಗೆ ಕೊಟ್ಟು ಬಂದೀರಿ. ಕೊಟ್ಟದ್ದಕ್ಕ ಕೇಳಿದ್ರ ಅದು ಭಿಕ್ಷಾ ಅಲ್ಲ." ಇವರು ತಲೆ ಎತ್ತಿ, "ಹಂಗಾದ್ರ ಏನ ಮಾಡಬೇಕು ಹೇಳ್ರಿ ಮೇಡಂ" ಎಂದರು. ನಾನು ಅಷ್ಟು ವರ್ಷ ಬೈದು, ರಮಿಸಿ, ಅತ್ತು ಆಗದೆ ಇದ್ದದ್ದನ್ನು ಆಕೆ ಆ ಒಂದು ಮಾತಿನಲ್ಲಿ ಮಾಡಿದರು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಇರಲಿ.

ಆ ಭಾನುವಾರದ ಶಾಲೆಯ ಮೊದಲ ಪಾಠವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಾಲಿನಲ್ಲಿ ಹತ್ತು ಹದಿನೈದು ಮಂದಿ ಹಳೆಯ ಸೈನಿಕರು. ಕನ್ನಡದವರು, ಮರಾಠಿಯವರು, ಸಾಸವಡದಿಂದ ಬಸ್ಸು ಹತ್ತಿ ಬಂದವರು, ಎಲ್ಲ ಸೇರಿದ್ದರು. ಮೇಡಂ ಒಳಗೆ ಬಂದ ತಕ್ಷಣ ಎಲ್ಲರೂ ಧಡಕ್ಕನೆ ಎದ್ದು ನಿಂತರು. "ಕೂಡ್ರಿ. ನಾ ಬಂದಾಗ ಏಳಬಾರದು, ಇದ ಇವತ್ತಿನ ಪಾಠ" ಎಂದು ಹೊರಗೆ ಹೋಗಿ ಮತ್ತೆ ಬಂದರು. ಮತ್ತೆ ಎಲ್ಲರೂ ಧಡಕ್ಕನೆ! ಮತ್ತೆ ಹೊರಗೆ, ಮತ್ತೆ ಒಳಗೆ. ಒಬ್ಬ ಮುದುಕ ಎರಡೂ ಕೈಯಿಂದ ಕುರ್ಚಿ ಗಟ್ಟಿ ಹಿಡಿದು ಕೂತಿದ್ದ, ಕೊನೆಗೆ ಕುರ್ಚಿ ಸಮೇತ ಎದ್ದ. ಶೆಟ್ಟರು ಬಾಗಿಲಲ್ಲಿ ನಿಂತು, "ಎಂತ ಗ್ರಹಚಾರ ಇದು, ಇವರಿಗೆ ಕೂರ್ಲಿಕ್ಕೂ ಬರುದಿಲ್ವಾ?" ಎಂದರು. ಅರ್ಧ ತಾಸು ಇದೇ ನಡೆಯಿತು. ಕೊನೆಗೆ ಮೇಡಂ ಬಂದಾಗ ಎಲ್ಲರೂ ಕೂತೇ ಇದ್ದರು, ಮುಖ ಮಾತ್ರ ಯಾವುದೋ ಮಹಾಪಾಪ ಮಾಡಿದವರ ಹಾಗಿತ್ತು.

"ನೋವಾದ್ರ ಏಳಬಾರದು, ಇಷ್ಟ ನಾ ಹೇಳೂದು" ಎಂದರು ಮೇಡಂ. "ಬೋರ್ಡಿನ ಡಾಕ್ಟರು ನಿಮ್ಮ ದುಷ್ಮನ್ ಅಲ್ಲ. ಆದ್ರ ಅವರಿಗೆ ನಿಮ್ಮ ನೋವು ಕಾಣಸೂದಿಲ್ಲ. ನೀವು ಹೇಳಿದ್ದು, ಮಾಡಿ ತೋರಿಸಿದ್ದು, ಅಷ್ಟ ಬರೀತಾರ."

ಠೀಕ್ ಎಂಬ ಮಾತಿಗೆ ಆ ಹಾಲಿನಲ್ಲಿ ದಂಡ. ಯಾರ ಬಾಯಿಂದ ಬಂತೋ ಅವರು ಎಲ್ಲರಿಗೂ ಚಹಾ ಕುಡಿಸಬೇಕು. ಮೊದಮೊದಲು ಒಬ್ಬೊಬ್ಬರು ಎರಡೆರಡು ಸಲ ಸಿಕ್ಕಿಬಿದ್ದು, ಕುಡಿಯುವವರ ಹೊಟ್ಟೆ ಉಬ್ಬರಿಸಿತು. "ಶಾಲೆ ಹೀಗೇ ನಡೀಲಿ ಮೇಡಂ, ನನ್ನ ಹಾಲಿನ ಬಾಡಿಗೆ ಚಹಾದಲ್ಲೇ ಬಂತು" ಎಂದು ಶೆಟ್ಟರು ಕೈ ಮುಗಿದರು. ನಮ್ಮ ಮನೆಯವರಷ್ಟು ಚಹಾ ಕುಡಿಸಿದವರು ಬೇರೆ ಯಾರೂ ಇಲ್ಲ.

ಹಾಗೆಂದು ಆಕೆ ನಟನೆ ಕಲಿಸುತ್ತಿದ್ದರು ಅಂದುಕೊಳ್ಳಬೇಡಿ. ಒಂದು ಭಾನುವಾರ ಒಬ್ಬ ಹೊಸಬ ಬಂದ. ಕೋಲು ಊರಿ, ಹಲ್ಲು ಕಚ್ಚಿ, ಅಯ್ಯಯ್ಯೋ ಅನ್ನುತ್ತ ಮೆಟ್ಟಿಲು ಹತ್ತಿದ. ನಾನು ಓಡಿ ಹೋಗಿ ಕುರ್ಚಿ ತಂದಿಟ್ಟೆ. ಮೇಡಂ ಅವನಿಗೆ ಚಹಾ ಕೊಡಿಸಿದರು, ಊರು ಕೇರಿ ವಿಚಾರಿಸಿದರು, ನಗಿಸಿದರು. ಹೊರಡುವಾಗ ಅವನು ಊರಿದ ಕೋಲು ಇನ್ನೊಂದು ಕೈಗೆ ಬಂದಿತ್ತು, ಕುಂಟುತ್ತಿದ್ದ ಕಾಲೂ ಬದಲಾಗಿತ್ತು. ಮೇಡಂ ಎದ್ದು ಅವನ ಕೋಲು ಕಿತ್ತುಕೊಂಡರು. "ಇಲ್ಲೆ ಕೂತವರು ಖರೇ ನೋವು ಹೇಳಾಕ ನಾಚತಾರ. ನೀ ಇಲ್ಲದ ನೋವು ಮಾರಾಕ ಬಂದಿ. ನಿನ್ನಂಥವರಿಂದನ ಬೋರ್ಡು ಇವರನ್ನೂ ಅನುಮಾನದಿಂದ ನೋಡೂದು. ನಡಿ ಹೊರಗ!" ಆಕೆಯ ಕುಳ್ಳ ಮೈಯಿಂದ ಅಷ್ಟು ದೊಡ್ಡ ಧ್ವನಿ ಹೊರಟಿತು. ಆ ಮನುಷ್ಯ ಎರಡೆರಡು ಮೆಟ್ಟಿಲು ಹಾರಿ ಓಡಿದ, ಕಾಲಿಗೆ ಏನೂ ಆಗಿರಲಿಲ್ಲ. ಕೋಲು ಇಂದಿಗೂ ಶೆಟ್ಟರ ಹೋಟೆಲಿನಲ್ಲಿದೆ, ಬೆಕ್ಕು ಓಡಿಸಲು ಬಳಸುತ್ತಾರೆ.

ಶೇಕಡಾ ಲೆಕ್ಕವನ್ನು ಆಕೆ ಕಲಿಸಿದ್ದು ನನ್ನ ರೊಟ್ಟಿಯಿಂದ. ಇದು ನನ್ನ ಹೆಮ್ಮೆಯ ಸಂಗತಿ, ಸ್ವಲ್ಪ ಹಿಗ್ಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ಎರಡು ಊನ ಇದ್ದರೆ ಎರಡನ್ನೂ ಕೂಡಿಸುತ್ತಾರೋ ಇಲ್ಲವೋ ಎಂದು ಯಾರೋ ಕೇಳಿದರು. ಮೇಡಂ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದರು. ಮೇಜಿನ ಮೇಲೆ ಒಂದನ್ನು ಹಾಸಿ, ಇನ್ನೊಂದನ್ನು ಅದರ ಅರ್ಧ ಮುಚ್ಚುವ ಹಾಗೆ ಇಟ್ಟರು. "ಇದು ಮೊಣಕಾಲು, ಇದು ಅದ ಕಾಲಿನ ಹಿಮ್ಮಡಿ. ಎರಡೂ ಕೆಡಸೂದು ಒಂದ ಕೆಲಸಾ, ನಡಿಯೂದು. ಮುಚ್ಚಿದ ಭಾಗಾ ಎರಡ ಸಲ ಎಣಸೂದಿಲ್ಲ, ಅದಕ್ಕ ಕೂಡಿಸಿದ್ದರೊಳಗ ಅಷ್ಟು ಕಡಿಮಿ ಮಾಡ್ತಾರ." ಆಮೇಲೆ ಎರಡೂ ರೊಟ್ಟಿಯನ್ನು ದೂರ ದೂರ ಇಟ್ಟರು. "ಇದು ಮೊಣಕಾಲು, ಇದು ಕಿವಿ. ಯಾರರೆ ಕಿವೀಲೆ ನಡೀತಾರೇನ್ರಿ? ಇಲ್ಲ. ಅದಕ್ಕ ಇಡೀ ರೊಟ್ಟಿಗೆ ಇಡೀ ರೊಟ್ಟಿ ಕೂಡಸ್ತಾರ." ನಮ್ಮವರು ಬಾಯಿ ತೆರೆದು ನೋಡುತ್ತಿದ್ದರು. ಮೊಣಕಾಲು ಒಂದೇ ಇಪ್ಪತ್ತು ಮುಟ್ಟದಿದ್ದರೂ, ಕಿವಿ ಸೇರಿದರೆ ದಾಟುತ್ತದೆ ಎಂದು ಆಗ ನಮಗೆ ಹೊಳೆಯಿತು. ಇಪ್ಪತ್ತು ಮುಟ್ಟಿ ಐವತ್ತರ ಒಳಗೆ ಎಷ್ಟೇ ಬಂದರೂ ಅದನ್ನು ಐವತ್ತು ಎಂದೇ ಹಿಡಿದು ಕೊಡುತ್ತಾರೆ ಎಂಬುದನ್ನೂ ಅವತ್ತೇ ಹೇಳಿದರು. ಪಾಠ ಮುಗಿದ ಮೇಲೆ ಮೊಣಕಾಲು, ಕಿವಿ, ಹಿಮ್ಮಡಿ ಎಲ್ಲವನ್ನೂ ಶೇಂಗಾ ಚಟ್ನಿ ಹಚ್ಚಿ ಹಂಚಿಕೊಂಡು ತಿಂದೆವು.

ಮೇಲ್ಮನವಿ ಹಾಕಿಸಿದ್ದೂ ಆಕೆಯೇ. ಗುಡ್ಡದ ಮೇಲಿನ ಆಸ್ಪತ್ರೆಯ ಹಳೆಯ ದಾಖಲೆ ತರಿಸಿ, ಪೆಟ್ಟಾದದ್ದು ಡ್ಯೂಟಿಯಲ್ಲೇ ಎಂದು ತೋರಿಸಿ ಬರೆಸಿದರು. ಒಂದು ಸಲ ತಿರಸ್ಕಾರವಾಯಿತು. ನಮ್ಮವರು "ಸಾಕು ಬಿಡ್ರಿ" ಎಂದರು. ಮೇಡಂ "ಮ್ಯಾಲೆ ಇನ್ನೊಂದು ಬಾಗಲ ಅದ" ಎಂದು ಅದನ್ನೂ ತಟ್ಟಿಸಿದರು. ಆ ನಡುವೆ ಇವರು ಗೇಟಿಗೆ ಹೋಗುವುದು ತಪ್ಪಲಿಲ್ಲ, ಕಾಲು ಬಾಗಿಸುವುದು ಇನ್ನಷ್ಟು ಕಡಿಮೆಯಾಯಿತು. ನಾನು ದೇವರಿಗೆ ಹರಕೆ ಹೊತ್ತೆ, ಮೇಡಂಗೆ ಕಾಡಿದೆ, ಇಬ್ಬರನ್ನೂ ಬಿಡಲಿಲ್ಲ. ಕೊನೆಗೆ ಮತ್ತೊಮ್ಮೆ ಬೋರ್ಡಿನ ಮುಂದೆ ಬನ್ನಿ ಎಂದು ಆದೇಶ ಬಂತು. ಇದೇ ಕಡೆಯದು. ಇಲ್ಲಿಯೂ ಇವರು ಪಾಸಾದರೆ ಗೇಟೇ ಗತಿ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು.

ಬೋರ್ಡಿನ ದಿನ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಮೇಡಂ ನಮಗಾಗಿ ಕಾದಿದ್ದರು. "ದಿನಾ ಹ್ಯಾಂಗ ಇರ್ತೀರಿ ಹಂಗ ಬರ್ರಿ" ಎಂದು ಹೇಳಿದ್ದರೂ ಇವರು ಬೆಳಿಗ್ಗೆ ಎದ್ದು ಎರಡು ಸಲ ಗಡ್ಡ ಕೆರೆದು, ಮುಖ ಕಾಣುವಷ್ಟು ಬೂಟು ಉಜ್ಜಿಕೊಂಡಿದ್ದರು. ಮೇಡಂ ಕಾಲು ನೋಡಿ ನಿಟ್ಟುಸಿರು ಬಿಟ್ಟು, "ಇರಲಿ, ಬೂಟಿಗೆ ಪರ್ಸೆಂಟ್ ಇಲ್ಲ" ಎಂದರು. ಒಳಗೆ ಬರುತ್ತೀರಾ ಎಂದು ಕೇಳಿದೆ. "ನಾ ಬಂದ್ರ ಅಲ್ಲಿದ್ದ ಡಾಕ್ಟರು ಹಳೇ ಕರ್ನಲ್ ಬಂದ್ಲು ಅಂತ ಎದ್ದ ನಿಲ್ತಾರ. ಇದು ನಿಮ್ಮ ಯಜಮಾನರ ಪರೀಕ್ಷಾ, ನನ್ನದಲ್ಲ" ಎಂದು ಚಹಾ ಹೇಳಿದರು. ಇವರೊಬ್ಬರೇ ಒಳಗೆ ಹೋದರು. ಆಕೆ ಆ ಚಹಾ ಮುಟ್ಟಲೇ ಇಲ್ಲ, ಕೆನೆಗಟ್ಟಿ ತಣ್ಣಗಾಯಿತು.

ಮಧ್ಯಾಹ್ನ ದಾಟಿ ಇವರು ಹೊರಬಂದರು. ರಸ್ತೆ ದಾಟಿ ಬಂದು ಬೆಂಚಿನ ಮೇಲೆ ಕೂತು, ಮೊದಲು ನೀರು ಕುಡಿದರು. ಆಮೇಲೆ ಹೇಳತೊಡಗಿದರು.

"ಮೊದಲ ಕಿವಿ ನೋಡಿದ್ರು. ಈ ಸಲ ನಾ ಯಾರನ್ನೂ ಏನೂ ಕೇಳಲಿಲ್ಲ. ಕೇಳಿದಾಗಷ್ಟ ಗುಂಡಿ ಒತ್ತಿದೆ. ಭಾಳ ಹೊತ್ತು ಏನೂ ಕೇಳಲೇ ಇಲ್ಲ ಮೇಡಂ. ನನ್ನ ಕಿವಿಯೊಳಗ ಅಷ್ಟು ಸುಮ್ಮನಿರ್ತದ ಅಂತ ನನಗ ಇವತ್ತ ತಿಳೀತು." ನಾನು ಇವರ ಕೈ ಹಿಡಿದುಕೊಂಡೆ.

"ಆಮ್ಯಾಲೆ ದೊಡ್ಡ ಡಾಕ್ಟರು, ಕೈಸೇ ಹೈಂ ಹವಾಲ್ದಾರ್ ಸಾಬ್, ಅಂದ್ರು. ಫಸ್ಟ್ ಕ್ಲಾಸ್ ಸಾಬ್, ಅಂದುಬಿಟ್ಟೆ."

"ಅಯ್ಯೋ ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ!" ಎಂದು ನಾನು ಕಿರುಚಿದೆ. ಮೇಡಂ ನನ್ನ ಮೊಣಕೈ ಹಿಡಿದು ಕೂರಿಸಿದರು.

"ಕೇಳ ಇಲ್ಲಿ ಪೂರಾ. ಅವರು ಬರೀಲಿಕ್ಕ ಪೆನ್ನು ಎತ್ತಿದ್ರು. ನಾ ಕೈ ಎತ್ತಿದೆ. ಸಾಬ್, ಅದನ್ನ ಹೊಡದು ಹಾಕ್ರಿ, ಅದು ನನ್ನ ಚಟಾ ಅಂದೆ. ಅವರು ನಕ್ರು. ಆಮ್ಯಾಲೆ ಬೈಠ್ ಕೆ ದಿಖಾಯಿಯೇ ಅಂದ್ರು, ಕೂತು ತೋರಸ್ರಿ ಅಂತ. ನನ್ನ ಕಾಲು ತಾನ ಬಾಗಲಿಕ್ಕ ಹೊಂಟಿತ್ತು ಮೇಡಂ, ಹುಕುಂ ಅಲ್ಲೇನು ಅದು? ಕುತ್ತಿಗಿ ಎಲ್ಲಾ ಬೆವರು. ಆದ್ರ ನಾ ನಿಂತಲ್ಲೇ ನಿಂತು, ನಹೀ ಬೈಠ್ ಸಕ್ತಾ ಸಾಬ್, ಅಂದೆ. ಜೀವಮಾನದಾಗ ಮೊದಲನೇ ಸಲ ಅಫಸರಗ ಆಗೂದಿಲ್ಲ ಅಂದೆ!"

ಹೇಳುತ್ತ ಹೇಳುತ್ತ ಇವರ ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. ದೊಡ್ಡ ಡಾಕ್ಟರು ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಟ್ಟು, ಯಾವಾಗಿನಿಂದ ಎಂದು ಕೇಳಿದರಂತೆ. ಇವರು ಗುಡ್ಡ, ಪೆಟ್ಟಿಗೆ, ತೋಪು, ಗೇಟು, ಲಾರಿಯ ಹಾರ್ನು, ಎಲ್ಲವನ್ನೂ ಹೇಳಿದರಂತೆ. ಒಂದನ್ನೂ ಹೆಚ್ಚಿಗೆ ಹೇಳಲಿಲ್ಲ, ಒಂದನ್ನೂ ಬಿಡಲಿಲ್ಲ. ಮೇಡಂ ಅಷ್ಟನ್ನೂ ಕಣ್ಣು ಮುಚ್ಚಿ ಕೇಳಿದರು. "ಶಾಬಾಶ್" ಎಂದರು, ಮತ್ತೊಂದು ಚಹಾ ಹೇಳಿ ಒಂದೇ ಗುಟುಕಿಗೆ ಕುಡಿದರು.

ಫಲಿತಾಂಶ ಬರಲು ತಿಂಗಳುಗಳು ಹಿಡಿದವು. ಬಂದಾಗ ನಾನು ಓದಿ ನೋಡಿದೆ, ನಂಬಿಕೆ ಬರಲಿಲ್ಲ, ಶೆಟ್ಟರ ಹತ್ತಿರ ಓದಿಸಿದೆ. ಮೊಣಕಾಲಿಗೆ ಇಪ್ಪತ್ತು. ಕಿವಿಗೆ ಇಪ್ಪತ್ತು. ಎರಡೂ ನೌಕರಿಯಿಂದಲೇ ಆದದ್ದು. ಕೂಡಿಸಿ ನಲವತ್ತು, ಕೊಡುವಾಗ ಐವತ್ತು. "ಓ ದೇವರೇ, ಇಡೀ ರೊಟ್ಟಿಗೆ ಇಡೀ ರೊಟ್ಟಿ!" ಎಂದು ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದು ಇವರನ್ನು ಅಪ್ಪಿಕೊಂಡರು. ನಾನು ಅಲ್ಲೇ ಅಡಿಗೆಮನೆಯಲ್ಲಿ ನಿಂತು ಗೊಳೋ ಅಂತ ಅತ್ತೆ. ಖುಷಿಗೆ ಅಷ್ಟು ಅತ್ತದ್ದು ನನ್ನ ಮದುವೆಯಲ್ಲೂ ಇಲ್ಲ.

ಶೇಂಗಾ ಹೋಳಿಗೆ ಮಾಡಿಕೊಂಡು ಸಂಜೆಗೇ ಮೇಡಂ ಮನೆಗೆ ಹೋದೆವು. ಎರಡನೆಯ ಮಹಡಿಯ ಸಣ್ಣ ಫ್ಲ್ಯಾಟು. ಇವರು ಲಿಫ್ಟಿನಲ್ಲೇ ಬಂದರು, ಮೆಟ್ಟಿಲು ಹತ್ತಿ ಶೌರ್ಯ ತೋರಿಸಲಿಲ್ಲ. ಮೇಡಂ ಆದೇಶವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ ಅದನ್ನು ಮತ್ತೆ ಏರಿಸಿಕೊಂಡು, "ಇನ್ನ ಗೇಟು?" ಎಂದರು.

ಅಷ್ಟರಲ್ಲಿ ಇವರ ಫೋನು ರಿಂಗಾಯಿತು. ಕಾರ್ಖಾನೆಯ ಸೂಪರ್‌ವೈಸರ್. ಇವರಿಗೆ ಕೇಳಲೆಂದು ನಾನೇ ಸ್ಪೀಕರಿಗೆ ಹಾಕಿ ಕೈಗೆ ಕೊಟ್ಟೆ. ನಾಳೆ ಇನ್ನೊಬ್ಬ ಕಾವಲುಗಾರ ರಜೆ, ನೀವು ಎರಡೂ ಪಾಳಿ ನಿಲ್ಲಬೇಕು ಎಂದ ಆ ಮನುಷ್ಯ. ಇವರು ನನ್ನನ್ನು ನೋಡಿದರು, ಮೇಡಂ ಅವರನ್ನು ನೋಡಿದರು.

"ಯೇಣಾರ್ ನಾಹೀ" ಎಂದರು ಇವರು, ಬರುವುದಿಲ್ಲ ಎಂದು. "ನಾಳೆನೂ ಇಲ್ಲ, ನಾಡಿದ್ದೂ ಇಲ್ಲ" ಎಂದು ಮರಾಠಿಯಲ್ಲೇ ಸೇರಿಸಿದರು.

ಅವನು ಗಾಬರಿಯಾಗಿ, ಯಾಕೆ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ.

ಇವರು ಕುರ್ಚಿಯಲ್ಲಿ ಬೆನ್ನು ಒರಗಿಸಿ ಕುಳಿತು, ತೋಪಿನ ಸದ್ದಿನ ಮೇಲೆ ಹುಕುಂ ಕೂಗುವ ಧ್ವನಿಯಲ್ಲಿ ಸಾರಿದರು: "ನಾಹೀ ಸಾಹೇಬ್! ಹುಷಾರಿಲ್ಲ! ಗುಡಘಾ ದುಖತೋ! ನನ್ನ ಮೊಣಕಾಲು ನೋಯ್ತದ! ಭಾಳ ನೋಯ್ತದ! ಕಿವೀನೂ ಕೇಳಸೂದಿಲ್ಲ!" ಅರ್ಧ ಮರಾಠಿ, ಅರ್ಧ ಕನ್ನಡ, ಆ ಕಡೆಯವನಿಗೆ ಎಷ್ಟು ತಿಳಿಯಿತೋ. ಕಿಟಕಿಯ ಗಾಜು ಅದುರಿತು. ಫೋನು ಇಟ್ಟ ಮೇಲೂ ಇವರು ಗೆದ್ದವರ ಹಾಗೆ ಅದನ್ನು ಎತ್ತಿ ಹಿಡಿದೇ ಇದ್ದರು.

ಎದುರು ಮನೆಯವರು, ಪಕ್ಕದ ಮನೆಯವರು ಬಾಗಿಲು ತೆರೆದು ಓಡಿ ಬಂದು, ಏನಾಯಿತು, ಯಾರಿಗೆ ಏನಾಯಿತು ಎಂದು ಕೇಳಿದರು. ಮೇಡಂ ಹೋಳಿಗೆಯ ತಟ್ಟೆ ಎತ್ತಿಕೊಂಡು ಬಾಗಿಲಿಗೆ ಹೋದರು. ನಗುತ್ತ ಎಲ್ಲರ ಮುಂದೆಯೂ ತಟ್ಟೆ ಹಿಡಿದು, "ತಗೋರಿ, ಬಾಯಿ ಸಿಹಿ ಮಾಡ್ಕೊಳ್ರಿ. ನಮ್ಮ ಹವಾಲ್ದಾರರಿಗೆ ಇವತ್ತ ಮೊಣಕಾಲು ನೋಯ್ತದ" ಎಂದರು.